ಕಡಲ ಯಾನವೂ ಗ್ರಹಾಂತರವಾಸವೂ

ಕುಂದಾಪುರದ ಸಮೀಪದ ಬಸರೂರು ಪೂರ್ವಕಾಲದಲ್ಲಿ ಖ್ಯಾತಿವೆತ್ತ ರೇವುಪಟ್ಟಣವಾಗಿದ್ದಿತು. ಅಲ್ಲಿಂದ ಅಕ್ಕಿಯನ್ನು ಹೇರಿಕೊಂಡು ಹೊರಡುವ ನಾವಿಕರು ಮಳೆಗಾಲವು ಕಳೆದು ಅನುಕೂಲ ಮಾರುತವು ಬೀಸುವವರೆಗೆ ಕಾದಿರಬೇಕಾಗಿದ್ದಿತು. ಆದರೂ ಅವರಿಗೆ ಮೂರು ಭರವಸೆಗಳಿದ್ದುವು. ಸೇರುವ ತೀರದಲ್ಲಿ ಉಸಿರಾಡಲು ಗಾಳಿಯುಂಟು; ಉಣ್ಣಲು ಅನ್ನವುಂಟು; ಗಾಳಿ ತಿರುಗಿದೊಡನೆ ಮರಳಲು ದಾರಿಯುಂಟು. ಈಗ ಮಾನವನು ಮಂಗಳಗ್ರಹದಲ್ಲಿ ನೆಲಸಬಯಸುತ್ತಿರುವನು. ಅಲ್ಲಿ ಈ ಮೂರರಲ್ಲಿ ಒಂದೂ ಸುಲಭಸಾಧ್ಯವಲ್ಲ.

ಆ ಗ್ರಹಕ್ಕೆ ಹೊರಡಲು ಯೋಗ್ಯವಾದ ಕಾಲವು ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಒದಗುವುದು. 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಭಾರತದ ಮಂಗಳನೌಕೆಯು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಯಂತ್ರಕ್ಕೆ ಹಸಿವಿಲ್ಲ, ಊರಿನ ಹಂಬಲವಿಲ್ಲ. 2022ರಲ್ಲಿ ಅದರ ಸಂಪರ್ಕವು ಕಡಿದುಹೋದಾಗ ಯಾರ ಮನೆಯಲ್ಲಿಯೂ ಸೂತಕವಾಗಲಿಲ್ಲ. ಮನುಷ್ಯನ ಮಾತು ಹಾಗಲ್ಲ.

ಪಥದಲ್ಲಿಯೇ ಮೊದಲನೆಯ ವಿಪತ್ತಿರುವುದು. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರರಾಯರು ವಿಶ್ವಕಿರಣಗಳ ಅಧ್ಯಯನದಲ್ಲಿ ಪ್ರಸಿದ್ಧರಾದವರು. 1962ರಲ್ಲಿ ಶುಕ್ರನೆಡೆಗೆ ಹೋದ ಮ್ಯಾರಿನರ್-2 ನೌಕೆಯ ಅಳತೆಗಳ ಆಧಾರದಿಂದ, ಸೂರ್ಯನಿಂದ ವಿದ್ಯುತ್ಕಣಗಳ ಪ್ರವಾಹವು ಎಡೆಬಿಡದೆ ಹರಿಯುತ್ತಿರುವುದೆಂದು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಭೂಮಿಗೆ ಕಾಂತಕ್ಷೇತ್ರವೂ ದಟ್ಟವಾದ ವಾಯುಮಂಡಲವೂ ಕವಚಗಳಾಗಿರುವುವು. ಬಾಹ್ಯಾಕಾಶದಲ್ಲಿ ಅವು ಇಲ್ಲ. ಕ್ಯೂರಿಯಾಸಿಟಿ ನೌಕೆಯು 2011-12ರ ತನ್ನ ಪಯಣದಲ್ಲಿ ಅಳೆದಂತೆ, ಭೂಮಿಯ ಮೇಲೆ ಒಬ್ಬನಿಗೆ ವರ್ಷವೊಂದರಲ್ಲಿ ಸ್ವಾಭಾವಿಕವಾಗಿ ತಗಲುವ ವಿಕಿರಣದ ಮುಕ್ಕಾಲು ಪಾಲಿನಷ್ಟು ಅಲ್ಲಿ ಒಂದೇ ದಿನದಲ್ಲಿ ತಗಲುವುದು.

ಸೇರಿದ ಬಳಿಕ ಉಸಿರಿನ ಪ್ರಶ್ನೆ. ಮಂಗಳನ ವಾಯುವಿನ ಒತ್ತಡವು ಭೂಮಿಯದರ ನೂರರಲ್ಲೊಂದಂಶಕ್ಕಿಂತಲೂ ಕಡಿಮೆ. ಅದರಲ್ಲಿಯೂ ನೂರಕ್ಕೆ 95 ಪಾಲು ಇಂಗಾಲಾಮ್ಲವು. ಅದರಿಂದ ಆಮ್ಲಜನಕವನ್ನು ಬೇರ್ಪಡಿಸಲು ಕಳುಹಿದ ಮಾಕ್ಸಿ ಎಂಬ ಉಪಕರಣವು 2021ರಿಂದ 2023ರೊಳಗೆ 16 ಸಲ ನಡೆದು ಒಟ್ಟು 122 ಗ್ರಾಂ ಆಮ್ಲಜನಕವನ್ನು ಕೊಟ್ಟಿತು. ಒಬ್ಬನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಎಂದರೆ ಎರಡು ವರ್ಷಗಳ ಆ ಫಲವು ಒಬ್ಬ ಮನುಷ್ಯನಿಗೆ ನಾಲ್ಕು ತಾಸಿಗೂ ಸಾಲದು. ಆದರೂ ಮಾರ್ಗವುಂಟೆಂಬುದನ್ನು ಅದು ತೋರಿಸಿತು.

ಅನ್ನದ ವಿಷಯದಲ್ಲಿಯೂ ಪ್ರಯತ್ನವು ಆರಂಭವಾಗಿರುವುದು. 2025ರಲ್ಲಿ ಶುಭಾಂಶು ಶುಕ್ಲರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತೆಯನ್ನು ಮೊಳೆಯಿಸಿದರು. ಆದರೆ ಆ ನಿಲ್ದಾಣವು ಕೇವಲ 400 ಕಿಲೋಮೀಟರು ಎತ್ತರದಲ್ಲಿರುವುದು. ಕೊರತೆ ಬಿದ್ದರೆ ಭೂಮಿಯಿಂದ ತುಂಬಿಸಬಹುದು. ಮಂಗಳನು ಅತಿ ದೂರದಲ್ಲಿರುವಾಗ ಅಲ್ಲಿಂದ ರೋಗಿಯೊಬ್ಬನು ತನ್ನ ನೋವನ್ನು ತಿಳಿಸಿದರೆ, ವೈದ್ಯನ ಉತ್ತರವು ಅವನಿಗೆ ಮುಟ್ಟಲು 40 ನಿಮಿಷಗಳಿಗೂ ಮಿಕ್ಕಿ ಹಿಡಿಯುವುದು.

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕಡಲತಡಿಯ ಮನೆಗಳಿಗೆ ದೋಣಿ ಹೊರಟ ದಿನಕ್ಕಿಂತ ಮರಳಿದ ದಿನವೇ ದೊಡ್ಡದು. ಗ್ರಹಯಾನಕ್ಕೂ ಅದೇ ಅಳತೆ ಸಲ್ಲತಕ್ಕದ್ದು. ಹಿಂದಿರುಗುವ ದಾರಿಯನ್ನು ಅಣಿಗೊಳಿಸದೆ ಒಬ್ಬ ತಾಯಿಯ ಮಗನನ್ನು ಅಲ್ಲಿಗೆ ಕಳುಹುವುದು ಸಾಹಸವೆನಿಸಬಹುದು, ಧರ್ಮವೆನಿಸದು.