‘ವಾಲ್ಕೈರಿ’: ಮುರಿದ ಪ್ರಮಾಣದ ಕಥೆ

ಹಿಟ್ಲರ್ ಸತ್ತದ್ದು ಬಾಂಬಿನಿಂದಲ್ಲ. 1945ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡ. ಇದು ಶಾಲಾಮಕ್ಕಳಿಗೂ ಗೊತ್ತು. ಆದರೂ 2008ರಲ್ಲಿ ತೆರೆಕಂಡ ‘ವಾಲ್ಕೈರಿ’ ಚಿತ್ರವನ್ನು ನೋಡುವಾಗ, ಈ ಬಾರಿ ಬಾಂಬು ಅವನನ್ನು ಕೊಂದೇಬಿಡುತ್ತದೇನೋ ಎಂದು ಪ್ರೇಕ್ಷಕ ಉಸಿರು ಬಿಗಿಹಿಡಿಯುತ್ತಾನೆ.

ಚಿತ್ರದ ಮೂಲ ಘಟನೆ ನಡೆದದ್ದು 1944ರ ಜುಲೈ 20ರಂದು, ಪೂರ್ವ ಪ್ರಷ್ಯಾದ ರಾಸ್ಟೆನ್‌ಬರ್ಗ್ ಬಳಿಯ ಹಿಟ್ಲರನ ಸೇನಾ ಕೇಂದ್ರದಲ್ಲಿ. ಟ್ಯುನೀಸಿಯಾದ ರಣರಂಗದಲ್ಲಿ ಎಡಗಣ್ಣು, ಬಲಗೈ ಹಾಗೂ ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದ ಕರ್ನಲ್ ಸ್ಟೌಫೆನ್‌ಬರ್ಗ್, ಸ್ಫೋಟಕ ತುಂಬಿದ ಚೀಲವನ್ನು ಸಭೆಯ ಮೇಜಿನ ಕೆಳಗಿಟ್ಟು ಹೊರನಡೆದ. ಉಳಿದಿದ್ದ ಮೂರು ಬೆರಳುಗಳಿಂದ, ಅವಸರದಲ್ಲಿ, ಎರಡು ಪೊಟ್ಟಣಗಳ ಪೈಕಿ ಒಂದನ್ನು ಮಾತ್ರ ಸಜ್ಜುಗೊಳಿಸಲು ಸಾಧ್ಯವಾಗಿತ್ತು. ಚೀಲವನ್ನು ಯಾರೋ ಮೇಜಿನ ದಪ್ಪ ಕಾಲಿನ ಆಚೆಗೆ ಸರಿಸಿದರು. ನಾಲ್ವರು ಸತ್ತರು, ಹಿಟ್ಲರ್ ಉಳಿದುಕೊಂಡ.

ಆಂತರಿಕ ದಂಗೆ ಅಡಗಿಸಲೆಂದು ಸರ್ಕಾರವೇ ರೂಪಿಸಿದ್ದ ‘ವಾಲ್ಕೈರಿ’ ಯೋಜನೆಯನ್ನು ಸರ್ಕಾರದ ವಿರುದ್ಧವೇ ತಿರುಗಿಸುವುದು ಪಿತೂರಿಯ ತಿರುಳು. ಆದರೆ ಬರ್ಲಿನ್ನಿನಲ್ಲಿ ಅಮೂಲ್ಯ ಗಂಟೆಗಳು ವ್ಯರ್ಥವಾದವು. ಮಂತ್ರಿ ಗೋಬೆಲ್ಸ್‌ನನ್ನು ಬಂಧಿಸಲು ಹೋದ ಮೇಜರ್ ರೇಮರ್‌ಗೆ ದೂರವಾಣಿಯಲ್ಲಿ ಹಿಟ್ಲರನ ದನಿಯೇ ಕೇಳಿಸಿತು. ಅವನ ತುಕಡಿ ಪಿತೂರಿಗಾರರ ಮೇಲೆಯೇ ತಿರುಗಿಬಿತ್ತು. ನಡುರಾತ್ರಿ ಕಳೆಯುತ್ತಿದ್ದಂತೆ ಸ್ಟೌಫೆನ್‌ಬರ್ಗ್ ಮತ್ತು ಮೂವರು ಸಂಗಡಿಗರನ್ನು ಸೇನಾ ಕಚೇರಿಯ ಅಂಗಳದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಚಿತ್ರದ ಕಥೆ ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ, ಚರಿತ್ರೆ ಮುಗಿಯುವುದಿಲ್ಲ. 1934ರಿಂದ ಜರ್ಮನ್ ಸೈನಿಕರು ದೇಶಕ್ಕಲ್ಲ, ಹಿಟ್ಲರನೆಂಬ ವ್ಯಕ್ತಿಗೆ ನಿಷ್ಠೆಯ ಪ್ರಮಾಣ ಮಾಡುತ್ತಿದ್ದರು. ಅದನ್ನು ಮುರಿದವರು ದ್ರೋಹಿಗಳೆಂದೇ ಯುದ್ಧದ ನಂತರವೂ ಅನೇಕ ಜರ್ಮನ್ನರು ನಂಬಿದ್ದರು. ಬಹಿರಂಗ ಸಭೆಯಲ್ಲಿ ಹಾಗೆಂದ ರೇಮರ್‌ನ ಮೇಲೆ 1952ರಲ್ಲಿ ಬ್ರೌನ್‌ಶ್ವೈಗ್ ನಗರದಲ್ಲಿ ಮೊಕದ್ದಮೆ ನಡೆಯಿತು. ಅನ್ಯಾಯವೇ ಮೂರ್ತಿವೆತ್ತ ರಾಜ್ಯಕ್ಕೆ ದ್ರೋಹ ಬಗೆಯುವುದೆಂಬುದೇ ಇಲ್ಲ ಎಂದು ಸರ್ಕಾರಿ ವಕೀಲ ಫ್ರಿಟ್ಜ್ ಬಾವರ್ ವಾದಿಸಿದ. ರೇಮರ್‌ಗೆ ಮೂರು ತಿಂಗಳ ಶಿಕ್ಷೆಯಾಯಿತು. ಜನಾಭಿಪ್ರಾಯ ಬದಲಾಗತೊಡಗಿತು, 1955ರಲ್ಲಿ ಜರ್ಮನಿಯಲ್ಲೇ ಈ ಘಟನೆಯ ಮೇಲೆ ಎರಡು ಚಿತ್ರಗಳು ಬಂದವು.

ಪಿತೂರಿಗಾರರೆಲ್ಲ ನಿಷ್ಕಳಂಕರಾಗಿದ್ದರು ಎಂದಲ್ಲ. ಅವರಲ್ಲಿ ಹಲವರು ಮೊದಲು ಅದೇ ಆಡಳಿತದ ಸೇವೆ ಮಾಡಿದವರು, ಆರಂಭದ ವಿಜಯಗಳಿಗೆ ಹಿಗ್ಗಿದವರು. ತೆರೆಯ ಮೇಲಿನ ಧೀರೋದಾತ್ತ ನಾಯಕನನ್ನು ನೋಡುವಾಗ ಇದನ್ನು ಮರೆಯಬಾರದು. ಆದರೆ ತಡವಾಗಿಯಾದರೂ ಅವರು ಪ್ರಾಣವನ್ನೇ ಪಣಕ್ಕಿಟ್ಟರು. ಅವರು ಗುಂಡಿಗೆ ಬಲಿಯಾದ ಅಂಗಳ ಇಂದು ಸ್ಮಾರಕ. ಜರ್ಮನ್ ಸೇನೆ ಸೇರುವ ತರುಣರು ಜುಲೈ 20ರಂದು ಅದೇ ಆವರಣದ ಬಳಿ ಪ್ರಮಾಣ ಸ್ವೀಕರಿಸುವ ಪರಿಪಾಠ ಬೆಳೆದುಬಂದಿದೆ. ಈ ಪ್ರಮಾಣ ಯಾವ ವ್ಯಕ್ತಿಯ ಹೆಸರಿನಲ್ಲೂ ಇಲ್ಲ.