ವೆನಿಸ್ ಪಟ್ಟಣವೂ ಅದರ ಒಕ್ಕಲೂ

ವಿಜಯನಗರದ ವೈಭವವನ್ನು ಬಣ್ಣಿಸಿದ ಪರದೇಶೀಯರಲ್ಲಿ ನಿಕೊಲೊ ಕೊಂಟಿಯು ಮೊದಲಿಗರಲ್ಲೊಬ್ಬನು. ಸುಮಾರು 1420ರಲ್ಲಿ ತುಂಗಭದ್ರೆಯ ದಡಕ್ಕೆ ಬಂದ ಈತನು ವೆನಿಸ್ ಗಣರಾಜ್ಯದ ಪ್ರಜೆ. ಆ ಕಾಲದಲ್ಲಿ ವೆನಿಸಿನವರು ಲೋಕವನ್ನು ನೋಡಲು ಹೋಗುತ್ತಿದ್ದರು. ಈಗಲಾದರೋ ಲೋಕವೇ ವೆನಿಸನ್ನು ನೋಡಲು ಬರುತ್ತಿರುವುದು. ಹೀಗೆ ನೋಡಬಂದವರ ದೆಸೆಯಿಂದಲೇ ಅಲ್ಲಿಯ ಒಕ್ಕಲು ಊರು ಬಿಡುವಂತಾಯಿತೆಂದು ಹೇಳುವುದುಂಟು. ಈ ಮಾತಿನಲ್ಲಿ ದಿಟವೆಷ್ಟೆಂಬುದನ್ನು ಆ ನಗರದ ಚರಿತ್ರೆಯಿಂದಲೇ ತಿಳಿಯಬೇಕು.

ಉಪ್ಪುನೀರಿನ ನಡುವೆ ಮರದ ಗೂಟಗಳನ್ನು ನೆಟ್ಟು ಕಟ್ಟಿದ ಆ ಊರಿನಲ್ಲಿ ಬಾಳುವುದು ಒಬ್ಬೊಬ್ಬರಿಂದ ಆಗತಕ್ಕ ಕೆಲಸವಾಗಿರಲಿಲ್ಲ. ಸುತ್ತಲೂ ನೀರಿದ್ದರೂ ಕುಡಿಯಲು ನೀರಿಲ್ಲ. ಆದುದರಿಂದ ಅಲ್ಲಿಯವರು ಕೇರಿಯ ಬಯಲುಗಳ ಕೆಳಗೆ ಜೇಡಿಮಣ್ಣಿನ ದೊಡ್ಡ ತೊಟ್ಟಿಗಳನ್ನು ಕಟ್ಟಿ, ಮಳೆಯ ನೀರು ಮರಳಿನಲ್ಲಿ ಸೋಸಿ ನಿಲ್ಲುವಂತೆ ಮಾಡಿ, ನಡುವೆ ಕಲ್ಲಿನ ಕಟ್ಟೆಯ ಬಾವಿಗಳನ್ನಿರಿಸಿದರು. ಕೇರಿಯ ಮುಖ್ಯಸ್ಥರು ಬಾವಿಯ ಬೀಗದಕೈಯನ್ನು ಇಟ್ಟುಕೊಂಡು ಗೊತ್ತಾದ ಹೊತ್ತಿಗೆ ತೆರೆಸುತ್ತಿದ್ದರು. 1884ರಲ್ಲಿ ಕೊಳಾಯಿಯ ನೀರು ಬರುವವರೆಗೂ ಈ ಬಯಲುಗಳೇ ನೆರೆಹೊರೆಯ ಬಾಳಿಗೆ ನೆಲೆಯಾಗಿದ್ದುವು. ಕಸಬುದಾರರಿಗೆ ಅವರವರ ಸಂಘಗಳಿದ್ದು, ಕಷ್ಟಕ್ಕೆ ಸಿಕ್ಕಿದ ತಮ್ಮವರಿಗೆ ಅವು ನೆರವಾಗುತ್ತಿದ್ದುವು.

ಇಂತಹ ಕಟ್ಟಿದ್ದುದರಿಂದ ನಗರವು ಮಹಾಮಾರಿಗಳನ್ನೂ ತಾಳಿಕೊಂಡಿತು. 1575ರಿಂದ 1577ರವರೆಗಿನ ಪ್ಲೇಗಿನಲ್ಲಿ ಸುಮಾರು 50,000 ಮಂದಿಯೂ, 1630-31ರಲ್ಲಿ ಮತ್ತೆ ಸುಮಾರು 46,000 ಮಂದಿಯೂ ಮಡಿದರು. ಆದರೂ ಬರಿದಾದ ಮನೆಗಳಿಗೆ ಒಳನಾಡಿನಿಂದ ಹೊಸ ಒಕ್ಕಲು ಬಂದು ಸೇರಿತು. ಊರು ಬಹುಮಟ್ಟಿಗೆ ಮತ್ತೆ ತುಂಬಿತು.

ನೋಡಬರುವವರು ವೆನಿಸಿಗೆ ಹೊಸಬರಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಅಲ್ಲಿಯ ಕಾರ್ನಿವಲ್ ಉತ್ಸವಕ್ಕೆ ಯೂರೋಪಿನ ಸಿರಿವಂತರು ನೆರೆಯುತ್ತಿದ್ದರು. 1797ರಲ್ಲಿ ನೆಪೋಲಿಯನ್ನನ ಮುಂದೆ ಗಣರಾಜ್ಯವು ಅಳಿಯಿತು. 1846ರಲ್ಲಿ ರೈಲಿನ ಸೇತುವೆಯೂ, 1933ರಲ್ಲಿ ರಸ್ತೆಯ ಸೇತುವೆಯೂ ಊರನ್ನು ನೆಲಕ್ಕೆ ಕೂಡಿಸಿದುವು. ಇಷ್ಟಾದರೂ 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನರು ವಾಸವಾಗಿದ್ದರು.

ಅಲ್ಲಿಂದ ಮುಂದೆ ಇಳಿತವು ಮೊದಲಾಯಿತು. ಇದಕ್ಕೆ ಪ್ರವಾಸಿಗರೊಬ್ಬರೇ ಕಾರಣರೆಂದರೆ ನ್ಯಾಯವಾಗದು. ಹಳೆಯ ಮನೆಗಳು ತೇವದಿಂದ ಹಾಳಾಗಿದ್ದುವು. ಎದುರಿನ ನೆಲದ ಮಾರ್ಗೇರದಲ್ಲಿ ಕಾರ್ಖಾನೆಗಳ ಉದ್ಯೋಗವೂ, ಮೆಸ್ತ್ರೆಯಲ್ಲಿ ಒಣ ಮನೆಗಳೂ ದೊರೆಯುತ್ತಿದ್ದುವು. 1966ರ ನವೆಂಬರ್ 4ರಂದು ಕಡಲು 194 ಸೆಂಟಿಮೀಟರ್ ಏರಿ, ನೆಲಮಟ್ಟದ ಎಷ್ಟೋ ಮನೆಗಳು ವಾಸಕ್ಕೆ ಅಯೋಗ್ಯವಾದುವು. ಆದರೆ ಪ್ಲೇಗಿನ ತರುವಾಯ ನಡೆದುದು ಈ ಸಲ ನಡೆಯಲಿಲ್ಲ. ತೆರವಾದ ಮನೆಗಳು ಹೊಸ ಒಕ್ಕಲಿಗೆ ಸಿಕ್ಕದೆ, ದಿನಬಾಡಿಗೆಯ ವಸತಿಗಳಾದುವು. ದಿನದ ಲೆಕ್ಕದಲ್ಲಿ ಬರುವ ಹಣದೊಡನೆ ತಿಂಗಳ ಸಂಬಳದವನು ಹೇಗೆ ಸ್ಪರ್ಧಿಸಿಯಾನು? ಮನೆಮಂದಿ ಕಡಮೆಯಾದಂತೆ ದಿನಸಿಯ ಅಂಗಡಿಗೆ ಗಿರಾಕಿಗಳಿಲ್ಲ, ಶಾಲೆಗೆ ಮಕ್ಕಳಿಲ್ಲ. ಇವು ಮುಚ್ಚಿದಂತೆ ಉಳಿದವರಿಗೂ ಇರುವುದು ದುಸ್ತರ. ಹೀಗೆ ಕಾರ್ಯವೇ ಕಾರಣವಾಗಿ ಪರಿಣಮಿಸಿತು.

2009ರಲ್ಲಿ ನಿವಾಸಿಗಳು 60,000ಕ್ಕಿಂತ ಕಡಮೆಯಾದಾಗ, ಕೆಲವರು ದೋಣಿಯಲ್ಲಿ ಶವಪೆಟ್ಟಿಗೆಯನ್ನಿಟ್ಟು ಊರಿನ ಅಣಕು ಶವಯಾತ್ರೆಯನ್ನು ನಡೆಸಿದರು. 2022ರಲ್ಲಿ ಸಂಖ್ಯೆಯು 50,000ಕ್ಕಿಂತಲೂ ಕೆಳಗಿಳಿಯಿತು. ಮರುವರ್ಷ ಪ್ರವಾಸಿಗರ ಹಾಸಿಗೆಗಳು ನಿವಾಸಿಗಳಿಗಿಂತ ಹೆಚ್ಚಾದುವೆಂದು ಅಲ್ಲಿಯ ನಾಗರಿಕ ಸಂಘದವರು ಎಣಿಸಿದರು.

ಅಧಿಕಾರಿಗಳು ಸುಮ್ಮನೆ ಕುಳಿತಿಲ್ಲ. 2021ರ ಆಗಸ್ಟಿನಿಂದ ಭಾರಿ ಹಡಗುಗಳು ಜುದೆಕ್ಕ ಕಾಲುವೆಯನ್ನು ಹೊಗದಂತೆ ನಿಷೇಧಿಸಲ್ಪಟ್ಟುವು. 2024ರ ಏಪ್ರಿಲ್ 25ರಿಂದ, ಗೊತ್ತುಮಾಡಿದ ದಿನಗಳಲ್ಲಿ, ಬಂದು ಅಂದೇ ಮರಳುವವರಿಂದ 5 ಯೂರೋ ಸುಂಕವನ್ನು ವಸೂಲು ಮಾಡತೊಡಗಿದರು. ಸುಂಕವು ಬರುವವರನ್ನು ಎಣಿಸಬಲ್ಲುದು. ಆದರೆ ಹೋದವರಿಗೆ ಮನೆಯನ್ನು ಒದಗಿಸುವುದು ಅದರಿಂದಾಗದು. ರಿಯಾಲ್ತೊ ಸೇತುವೆಯ ಸಮೀಪದ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ, ಊರಿನಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು ತೋರಿಸುವ ಫಲಕವನ್ನು 2008ರಲ್ಲಿ ಇರಿಸಿದರು. ಅರಮನೆಗಳನ್ನೂ ಗುಡಿಗೋಪುರಗಳನ್ನೂ ನೋಡಿ ಮರಳುವವರು ಆ ಫಲಕವನ್ನೂ ಒಮ್ಮೆ ನೋಡತಕ್ಕುದು. ಆ ನಗರದ ಈಚಿನ ಚರಿತ್ರೆಯು ಅದರಲ್ಲಿಯೇ ಬರೆದಿರುವುದು.