1929ರ ಬೇಸಿಗೆ ಶಾಲೆ: ಗ್ರಂಥಾಲಯ ತರಬೇತಿಯ ಚರಿತ್ರೆಯಲ್ಲೊಂದು ತಪ್ಪು ಓದು

ಭಾರತದಲ್ಲಿ ಗ್ರಂಥಾಲಯ ಶಿಕ್ಷಣ ಬೆಳೆದ ಬಗೆಯನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ಏಣಿಯಾಗಿ ನಿಲ್ಲಿಸುತ್ತವೆ. 1911ರಲ್ಲಿ ಬರೋಡದ ಬೋರ್ಡನ್, 1915ರಲ್ಲಿ ಲಾಹೋರಿನ ಡಿಕಿನ್ಸನ್, 1929ರಲ್ಲಿ ಮದರಾಸಿನ ರಂಗನಾಥನ್, ಕೊನೆಗೆ 1937ರ ಸ್ನಾತಕೋತ್ತರ ಡಿಪ್ಲೊಮಾ. ಈ ಲೆಕ್ಕದಲ್ಲಿ ಮದರಾಸು ಗ್ರಂಥಾಲಯ ಸಂಘದ ಬೇಸಿಗೆ ಶಾಲೆ ಡಿಪ್ಲೊಮಾದ ಅರೆಬೆಂದ ರೂಪ. ಹಣವಿಲ್ಲದೆ, ಅಧ್ಯಾಪಕರಿಲ್ಲದೆ ಮೂರು ತಿಂಗಳಿಗೆ ಮೊಟಕಾದದ್ದು. ಈ ಓದು ತಪ್ಪೆಂದು ನನ್ನ ವಾದ.

ಮೊದಲ ಸಾಕ್ಷ್ಯ ಶಾಲೆಯ ಹೆಸರಿನಲ್ಲೇ ಇದೆ. ತರಗತಿ ಬೇಸಿಗೆಯಲ್ಲೇ ನಡೆದದ್ದೇಕೆ? ಮದರಾಸಿನ ಬಿಸಿಲಿನಲ್ಲಿ ಸುಖಕ್ಕಾಗಿ ಯಾರೂ ಪಾಠ ಇಟ್ಟುಕೊಳ್ಳುವುದಿಲ್ಲ. ಶಾಲೆ ಕಾಲೇಜುಗಳಿಗೆ ರಜೆ, ಅಲ್ಲಿನ ನೌಕರರಿಗೆ ಬಿಡುವು ಸಿಗುವುದು ಆಗಲೇ. ಎರಡನೆಯದು, ಅದಕ್ಕೆ ಮುಂಚಿನ ಘಟನೆ. 1928ರ ಡಿಸೆಂಬರಿನಲ್ಲಿ ಚಿದಂಬರಂನಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ರಂಗನಾಥನ್ ಗ್ರಂಥಾಲಯ ವಿಜ್ಞಾನದ ತಮ್ಮ ಪಂಚಸೂತ್ರಗಳನ್ನು ಮಂಡಿಸಿದ್ದು ಉಪಾಧ್ಯಾಯರ ಮುಂದೆ. ಪುಸ್ತಕವಾಗಿ ಅವು ಬಂದದ್ದು 1931ರಲ್ಲಿ. ಸೂತ್ರಗಳಿಗೆ ಮೊದಲು ಕಿವಿಗೊಟ್ಟವರು, ಮರುದಿನ ಬೆಳಿಗ್ಗೆ ತಮ್ಮ ಶಾಲೆಯ ಪುಸ್ತಕದ ಬೀರು ತೆರೆಯಬೇಕಾದವರು. ಮೂರನೆಯದು, ಶಾಲೆ ತೆರೆದದ್ದು ವಿಶ್ವವಿದ್ಯಾಲಯವಲ್ಲ, ಸಂಘ. ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡದ್ದು 1931ರಲ್ಲಿ.

ಈ ಮೂರನ್ನೂ ಒಟ್ಟಿಗಿಟ್ಟರೆ 1929ರ ಶಾಲೆ ಕೆಲಸದಲ್ಲಿರುವವರಿಗೆಂದೇ ರೂಪುಗೊಂಡ ಶಿಬಿರವಾಗಿ ಕಾಣುತ್ತದೆ. ಇಂದಿನ ಭಾಷೆಯಲ್ಲಿ ಕಾರ್ಯಾಗಾರ. ಅದರ ಅವಧಿ ಬಡತನದ ಗುರುತಲ್ಲ. ಬಂದವರಿಗೆ ಒಂದು ನೌಕರಿ ಇತ್ತೆಂಬುದರ ಗುರುತು. (ಇದು ಅನುಮಾನ ಪ್ರಮಾಣ, ಒಪ್ಪುತ್ತೇನೆ. ಆದರೆ ಏಣಿಯ ಕಥೆ ಹೇಳುವವರ ಬಳಿ ಇಷ್ಟೂ ಇಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ, ಅಷ್ಟೆ.)

ಮೂರು ತಿಂಗಳಲ್ಲಿ ಏನು ಕಲಿಸಲು ಸಾಧ್ಯವೆಂದು ಕೇಳುವವರುಂಟು. ಸೂಚೀಕರಣ, ವರ್ಗೀಕರಣಗಳು ಕೈಗೆ ಕೂರಬೇಕಾದ ವಿದ್ಯೆ. ರಂಗನಾಥನ್ ರೂಪಿಸಿದ ಕೋಲನ್ ವರ್ಗೀಕರಣದ ಆರನೆಯ ಆವೃತ್ತಿಯ ‘ಎಲ್,45;421’ ನೋಡಿ: ಎಲ್ ಎಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ. ಹೀಗೆ ವಿಷಯವನ್ನು ಬಿಡಿಸಿ ಮತ್ತೆ ಪೋಣಿಸುವುದು ಉಪನ್ಯಾಸ ಕೇಳಿದರೆ ಬರುವುದಿಲ್ಲ. ಪುಸ್ತಕವನ್ನು ಕೈಗೆತ್ತಿಕೊಂಡು, ಶೀರ್ಷಿಕೆ ಪುಟ ನೋಡಿ, ಅದರ ಹಿಂಬದಿ ನೋಡಿ, ಕಾರ್ಡು ಬರೆದು, ತಪ್ಪಿ, ಇನ್ನೊಂದು ಕಾರ್ಡು ತೆಗೆದುಕೊಳ್ಳಬೇಕು. ಮರಳಿ ಹೋಗಿ ಪ್ರಯೋಗಿಸಲು ಸ್ವಂತ ಗ್ರಂಥಾಲಯವೊಂದು ಇರುವವನಿಗೆ ಮೂರು ತಿಂಗಳು ಕಡಿಮೆಯೇನಲ್ಲ.

ನನ್ನ ವಾದಕ್ಕೆ ಬಲವಾದ ಅಡ್ಡಿ ಸ್ವತಃ ರಂಗನಾಥನ್ ಅವರೇ. 1937ರಲ್ಲಿ ಬೇಸಿಗೆ ಶಾಲೆಯ ಜಾಗಕ್ಕೆ ಒಂದು ವರ್ಷದ ಡಿಪ್ಲೊಮಾ ತಂದವರು ಅವರಲ್ಲವೇ? ಹೌದು. ಗ್ರಂಥಪಾಲಕನಿಗೆ ಅಧ್ಯಾಪಕನ ಸರಿಸಮ ಸ್ಥಾನ ದೊರಕಿಸಲು ಅದು ಬೇಕಿತ್ತು. ಅದರ ಬೆಲೆ ತೆತ್ತವರು ಮಾತ್ರ ವರ್ಷವಿಡೀ ರಜೆ ಪಡೆಯಲಾಗದ ಸಣ್ಣ ಗ್ರಂಥಾಲಯಗಳ ನೌಕರರು. ಕೊನೆಯವರೆಗೂ ರಂಗನಾಥನ್ ಡಿಪ್ಲೊಮಾ ಪಕ್ಷದವರಾಗಿಯೇ ಉಳಿದರೆಂಬ ತೀರ್ಮಾನಕ್ಕೆ ಬೆಂಗಳೂರಿನ ವರ್ಷಗಳು ಅಡ್ಡ ಬರುತ್ತವೆ. 1962ರಲ್ಲಿ ಇಲ್ಲಿ ಡಿ.ಆರ್.ಟಿ.ಸಿ. (ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಸ್ಥಾಪಿಸಿದ ಮರುವರ್ಷವೇ, ನೌಕರಿ ಬಿಡದೆ ಬರಬಹುದಾದ ವಾರ್ಷಿಕ ವಿಚಾರಗೋಷ್ಠಿಗಳನ್ನು ಆರಂಭಿಸಿದರು. ಅದಕ್ಕೂ ಮೊದಲು, 1959ರಲ್ಲಿ ಒಂದು ವಿಚಾರಗೋಷ್ಠಿ ನಡೆದಿತ್ತು; ಅವರ ಅಧ್ಯಕ್ಷತೆಯ ಯು.ಜಿ.ಸಿ. ಗ್ರಂಥಾಲಯ ಸಮಿತಿಯ ವರದಿಯನ್ನು 1965ರಲ್ಲಿ ಆ ಗೋಷ್ಠಿಯ ನಡಾವಳಿಯೊಂದಿಗೆ ಸೇರಿಸಿಯೇ ಅಚ್ಚು ಹಾಕಲಾಯಿತು. ವೇತನಶ್ರೇಣಿಯ ಪ್ರಶ್ನೆ ಬಂದಾಗ ವರದಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಡಾವಳಿಯನ್ನು ತೆರೆದವರು ವಿರಳ.

1987ರಲ್ಲಿ ಯು.ಜಿ.ಸಿ. ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದ ಮೇಲೆ ಪುನಶ್ಚೇತನ ಶಿಬಿರ ಬಡ್ತಿಗೆ ಬೇಕಾದ ಪ್ರಮಾಣಪತ್ರದ ಮಟ್ಟಕ್ಕೆ ಇಳಿದ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೆಳೆಸುವುದಿಲ್ಲ. ಆದರೆ ಕೆಲಸದಲ್ಲಿರುವವರ ತರಬೇತಿಯ ಪ್ರಶ್ನೆ ಮತ್ತೆ ಎದುರಾಗಿದೆ: 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಅಲ್ಲಿನ ಮೇಲ್ವಿಚಾರಕರಿಗೆ ಪಾಠಕ್ರಮ ಸಿದ್ಧಪಡಿಸುವವರು ಡಿಪ್ಲೊಮಾವನ್ನು ಕತ್ತರಿಸಿ ಚಿಕ್ಕದು ಮಾಡುವ ಬದಲು, 1929ರ ಮಾದರಿಯನ್ನು ಅದರದೇ ನೆಲೆಯಲ್ಲಿ ಅಭ್ಯಾಸ ಮಾಡಬೇಕು, 1959ರ ನಡಾವಳಿಯನ್ನೂ ಒಮ್ಮೆ ತೆರೆದು ನೋಡಬೇಕು.